ಗರ್ಭಚೀಲ ಜಾರಿದವರ ವ್ಯಾಯಾಮವೂ ನಮ್ಮ ಚೀಲದ ತೂಕವೂ

ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಬೋರ್ಡೋ ದ್ರಾವಣದ ಹದ ಇವುಗಳ ಬಗ್ಗೆ ಈ ಪುಟಗಳಲ್ಲಿ ಓದಿ ಓದಿ ಸದಸ್ಯ ಬಾಂಧವರಿಗೆ ಬಾಯಿಪಾಠವಾಗಿರಬೇಕು. ಈ ಸಲ ನಾವು ಎತ್ತಿಕೊಂಡಿರುವ ವಿಷಯ ತೋಟದ್ದಲ್ಲ. ತೋಟದಲ್ಲೂ ಮನೆಯಲ್ಲೂ ದುಡಿಯುವ ಹೆಂಗಸರ ಮೈಯದ್ದು. ಗರ್ಭಚೀಲ ಜಾರುವ ತೊಂದರೆ ಇರುವವರು ವ್ಯಾಯಾಮ ಮಾಡಬಹುದೆ, ಮಾಡುವುದಾದರೆ ಯಾವುದನ್ನು, ಹೇಗೆ ಎಂಬುದು. ಗಂಡಸರೇ ಹೆಚ್ಚಾಗಿ ಓದುವ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆಯಬೇಕೆ ಎಂದು ಹುಬ್ಬೇರಿಸುವವರು ಇದ್ದೇ ಇದ್ದಾರೆ. ಗಂಡಸರು ಓದುತ್ತಾರೆಂದೇ ಇಲ್ಲಿ ಬರೆಯುತ್ತಿದ್ದೇವೆ.

ಪ್ರಸ್ತಾಪಕ್ಕೆ ಕಾರಣವಾದದ್ದು ಕೊಗನೊಳ್ಳಿ. ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆಗೆ ಹೆದ್ದಾರಿಯಲ್ಲಿ ಹೋದರೆ ನಮ್ಮ ರಾಜ್ಯದ ಗಡಿಯಂಚಿಗೆ ಸಿಗುವ ಊರು. ಟೋಲ್ ನಾಕೆಯಿಂದಾಗಿ ಲಾರಿಯವರಿಗೆಲ್ಲ ಪರಿಚಯ. 2021ರ ಕೊರೋನಾ ತಪಾಸಣೆಯ ದಿನಗಳಲ್ಲಿ ಪತ್ರಿಕೆ ಓದುವವರಿಗೂ ಪರಿಚಯವಾಯಿತು. ಅಲ್ಲಿ ಅಡಿಕೆಯೂ ಇಲ್ಲ, ಕಾಫಿಯೂ ಇಲ್ಲ. ಕಬ್ಬು, ತಂಬಾಕು, ಸೋಯಾಬೀನು. ಒಂದೇ ಓಣಿಯಲ್ಲಿ ಕನ್ನಡವೂ ಮರಾಠಿಯೂ. ನಮ್ಮ ಮನೆಯವರ ಅಕ್ಕನನ್ನು ಆ ಊರಿಗೆ ಕೊಟ್ಟು ಮೂವತ್ತು ವರ್ಷದ ಮೇಲಾಯಿತು. ಕೊನೆಕುಯ್ಲು ಮುಗಿಸಿ, ಸುಲಿಗೆಯ ಲೆಕ್ಕ ಚುಕ್ತಾ ಮಾಡಿ, ಅವರನ್ನು ನೋಡಿಕೊಂಡು ಬರಲು ಇಬ್ಬರೂ ಹೋಗಿದ್ದೆವು.

ಮೊದಲೆಲ್ಲ ನಾವು ಹೋದಾಗ ಅತ್ತಿಗೆಯವರು ಹೊಲದಲ್ಲಿರುತ್ತಿದ್ದರು, ಅಲ್ಲಿಂದ ಮೇವಿನ ಹೊರೆ ಹೊತ್ತುಕೊಂಡೇ ಬಂದು ಮಾತನಾಡಿಸುತ್ತಿದ್ದರು. ಈ ಬಾರಿ ಬಾಗಿಲ ಬಳಿಯ ಹೊರಸಿನ ಮೇಲೆ ಕೂತವರು ಏಳಲೇ ಇಲ್ಲ. ಮೈ ತುಂಬಿತ್ತು, ಮುಖ ಇಳಿದಿತ್ತು. ಏನಾಗಿದೆ ಎಂದು ಕೇಳಿದರೆ ನಮ್ಮ ಷಡ್ಡಕರು, "ಮೊಣಕಾಲ ಬ್ಯಾನಿ ಐತ್ರಿ" ಎಂದು ಮಾತು ಮುಗಿಸಿದರು. ನಾವೂ ನಂಬಿ, ಕಬ್ಬಿನ ದರ, ಕಾರ್ಖಾನೆಯ ಬಾಕಿ ಎಂದು ಮಾತಿಗೆ ಕೂತೆವು. ನಿಜ ಗೊತ್ತಾದದ್ದು ವಾಪಸು ಬರುವಾಗ, ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ. "ಅಕ್ಕನಿಗೆ ಮೊಣಕಾಲಲ್ಲ ಕಣ್ರೀ. ಅಂಗ ಹೊರಗೆ ಬರ್ತಿದೆಯಂತೆ, ನಾಲ್ಕು ವರ್ಷ ಆಯ್ತಂತೆ" ಎಂದರು ನಮ್ಮ ಮನೆಯವರು.

ನಾಲ್ಕು ವರ್ಷದಲ್ಲಿ ಆಕೆಗೆ ಎರಡು ಉಪದೇಶಗಳು ಸಿಕ್ಕಿದ್ದವು. ಮೊದಲನೆಯದು ಒಂದು ಯೋಗ ಶಿಬಿರದಲ್ಲಿ. ಬೆಳಗಿನ ಹೊತ್ತು ನೂರಾರು ಜನರನ್ನು ಸಾಲಾಗಿ ಕೂರಿಸಿ ಎಲ್ಲರಿಗೂ ಒಂದೇ ಪಾಠ: ಎರಡೂ ಕಾಲು ಒಟ್ಟಿಗೆ ಎತ್ತುವುದು, ನೌಕಾಸನ, ಹೊಟ್ಟೆ ಒಳಗೆ ಹೊಡೆಯುವಂಥ ಕಪಾಲಭಾತಿ. ಮೈ ಹಗುರಾಗುತ್ತದೆಂದು ನಂಬಿ ಹತ್ತು ದಿನ ಮಾಡಿದರು. ಆಮೇಲೆ ಸಂಜೆ ಹೊತ್ತಿಗೆ ಕೆಳಗೆ ಭಾರ ಹೆಚ್ಚಾಗಿ ನಿಲ್ಲುವುದೇ ಕಷ್ಟವಾಯಿತು. ಎರಡನೆಯ ಉಪದೇಶ ಒಂದು ದವಾಖಾನೆಯಲ್ಲಿ. ಅದನ್ನು ಆಕೆಯ ಮಾತಿನಲ್ಲೇ ಹೇಳುವುದಾದರೆ, "ಏನೂ ಎತ್ತಬ್ಯಾಡ, ಏನೂ ಮಾಡಬ್ಯಾಡ, ಸುಮ್ಮ ಕುಂದ್ರು. ಆಗಂಗಿಲ್ಲಂದ್ರ ತಗಸಿಬಿಡು ಅಂದ್ರು." ಸುಮ್ಮನೆ ಕೂತರು. ಕೂತದ್ದರಿಂದ ತೂಕ ಏರಿತು, ಮಲಬದ್ಧತೆ ಹಿಡಿಯಿತು, ಕಾಲಿನ ಕಸುವು ಹೋಯಿತು. ಈ ಮೂರರಲ್ಲಿ ಮೊದಲೆರಡು ಜಾರುವುದನ್ನು ಹೆಚ್ಚಿಸುವಂಥವೇ.

ಎಲ್ಲವನ್ನೂ ಮಾಡು ಎಂಬುದೂ ತಪ್ಪು, ಏನನ್ನೂ ಮಾಡಬೇಡ ಎಂಬುದೂ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಇದು ಬರಿಯ ನಮ್ಮ ಅಭಿಪ್ರಾಯವೂ ಅಲ್ಲ, ಇದಕ್ಕೆ ಆಧಾರವಿದೆ.

ಮೊದಲು ಆಗುವುದೇನು ಎಂಬುದನ್ನು ನೋಡೋಣ. ಸೊಂಟದ ಮೂಳೆಗಳ ಬಟ್ಟಲಿನ ತಳದಲ್ಲಿ, ಮುಂದಿನ ಮೂಳೆಯಿಂದ ಬೆನ್ನುಮೂಳೆಯ ತುದಿಯವರೆಗೆ, ತೊಟ್ಟಿಲಿನ ಬಟ್ಟೆಯಂತೆ ಮಾಂಸಖಂಡಗಳ ಒಂದು ಹಾಸು ಇದೆ. ಮೂತ್ರಕೋಶ, ಗರ್ಭಚೀಲ, ಗುದನಾಳ ಮೂರಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಈ ಹಾಸು ವಿಪರೀತ ಹಿಗ್ಗುತ್ತದೆ, ಕೆಲವರಲ್ಲಿ ಹರಿಯುತ್ತದೆ. ಮೇಲಿಂದ ಅಂಗಗಳನ್ನು ಹಿಡಿದಿರುವ ಕಟ್ಟುಗಳೂ ಸಡಿಲವಾಗುತ್ತವೆ. ಹೆರಿಗೆಗಳು ಹೆಚ್ಚಾದಷ್ಟೂ ಅಪಾಯ ಹೆಚ್ಚು. ಮುಟ್ಟು ನಿಂತ ಮೇಲೆ ಕಟ್ಟುಗಳು ಇನ್ನಷ್ಟು ಸೊರಗುತ್ತವೆ. ಇದರ ಮೇಲೆ ವರ್ಷಗಟ್ಟಲೆ ಭಾರ ಎತ್ತುವುದು, ಬಿಡದ ಕೆಮ್ಮು, ಮುಕ್ಕಿ ಮಲ ವಿಸರ್ಜನೆ ಮಾಡುವುದು ಸೇರಿದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಗೇ ಬೀಳುತ್ತದೆ. ನಿಪ್ಪಾಣಿ ಸೀಮೆಯಲ್ಲಿ ಕೆಮ್ಮಿಗೆ ಕಾರಣ ಹುಡುಕಬೇಕಾಗಿಲ್ಲ. ತಂಬಾಕು ಜರಡಿ ಹಿಡಿಯುವ ಕೋಣೆಗಳ ಧೂಳು ಸಾಕು. ಜಾರುವುದು ಗರ್ಭಚೀಲವೇ ಆಗಬೇಕೆಂದಿಲ್ಲ. ಮೂತ್ರಕೋಶ ಮುಂದಿನಿಂದ ಉಬ್ಬಬಹುದು, ಗುದನಾಳ ಹಿಂದಿನಿಂದ ಉಬ್ಬಬಹುದು. ಗರ್ಭಚೀಲವನ್ನು ತೆಗೆಸಿದವರಲ್ಲೂ ಯೋನಿಯ ಮೇಲ್ಭಾಗ ಕೆಳಗಿಳಿಯಬಹುದು. "ತೆಗೆಸಿಬಿಟ್ಟರೆ ಮುಗಿಯಿತು" ಎನ್ನುವವರು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕೊಟ್ಟಿಗೆಯಲ್ಲಿ ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಂದರೆ ನಾವು ಏನು ಮಾಡುತ್ತೇವೆ? ರಾತ್ರಿ ಹನ್ನೆರಡಾದರೂ ಬ್ಯಾಟರಿ ಹಿಡಿದು ಪಶುವೈದ್ಯರ ಮನೆಯ ಬಾಗಿಲು ಬಡಿಯುತ್ತೇವೆ, ನಾಲ್ಕು ಜನ ನೆರೆಯವರನ್ನು ಕರೆಯುತ್ತೇವೆ, ಬೆಳಗ್ಗೆ ಊರಿಗೆಲ್ಲ ಹೇಳುತ್ತೇವೆ. ನಾಚಿಕೆ ಅಡ್ಡ ಬರುವುದಿಲ್ಲ. ಮನೆಯ ಹೆಂಗಸಿಗೆ ಹಾಗಾದರೆ ಮಾತ್ರ ಅದಕ್ಕೆ ಮೊಣಕಾಲ ನೋವು ಎಂದು ಹೆಸರು.

ವ್ಯಾಯಾಮದ ವಿಷಯಕ್ಕೆ ಬರೋಣ. ತಳದ ಮಾಂಸಖಂಡಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಅಮೆರಿಕದ ಸ್ತ್ರೀರೋಗತಜ್ಞ ಡಾ. ಆರ್ನಾಲ್ಡ್ ಕೆಗೆಲ್ 1948ರಲ್ಲಿ ಶಾಸ್ತ್ರೀಯವಾಗಿ ಪ್ರಕಟಿಸಿದರು. ಅದಕ್ಕೆ ಅವರ ಹೆಸರೇ ನಿಂತಿದೆ. ನಮ್ಮ ಹಠಯೋಗದ ಮೂಲಬಂಧ ಇದರ ಹತ್ತಿರದ ನೆಂಟ ಎನ್ನಬಹುದು. ಆದರೆ ಅಂಗ ಜಾರಿದವರಿಗೆ ಇದು ನಿಜವಾಗಿ ಉಪಯೋಗವೆ ಎಂಬ ಪ್ರಶ್ನೆಗೆ ಗಟ್ಟಿಯಾದ ಉತ್ತರ ಬಂದದ್ದು ಈಚೆಗೆ. ನಾರ್ವೆಯಲ್ಲಿ 109 ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಆರು ತಿಂಗಳು ಅಭ್ಯಾಸ ಮಾಡಿದವರಲ್ಲಿ ಶೇ. 19 ಮಂದಿಗೆ ಜಾರುವಿಕೆ ಒಂದು ಹಂತ ಕಡಿಮೆಯಾಗಿತ್ತು; ಮಾಡದವರಲ್ಲಿ ಶೇ. 8. 2014ರಲ್ಲಿ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ 447 ಮಹಿಳೆಯರ ಮೇಲಿನ ಪರೀಕ್ಷೆ 'ಲಾನ್ಸೆಟ್' ಪತ್ರಿಕೆಯಲ್ಲಿ ಬಂತು. ಅಲ್ಲಿ 16 ವಾರಗಳಲ್ಲಿ ಐದು ಸಲ ಒಬ್ಬೊಬ್ಬರನ್ನೇ ಕೂರಿಸಿ ಫಿಸಿಯೋಥೆರಪಿಯವರು ಕಲಿಸಿದ್ದರು. ಒಂದು ವರ್ಷದ ಮೇಲೆ ಕಲಿತವರ ತೊಂದರೆಗಳು ಉಳಿದವರಿಗಿಂತ ಕಡಿಮೆಯಾಗಿದ್ದವು. ಶೇ. 19 ಎಂಬುದು ದೊಡ್ಡ ಸಂಖ್ಯೆಯಲ್ಲ ಎಂದು ಯಾರಾದರೂ ಹೇಳಿದರೆ ನಾವು ವಾದಿಸುವುದಿಲ್ಲ. ಜಾರಿದ್ದು ಪೂರ್ತಿ ಮೇಲೆ ಹೋಗದಿದ್ದರೂ ಭಾರ, ಎಳೆತ, ಮೂತ್ರ ಸೋರುವಿಕೆ ಕಡಿಮೆಯಾದರೆ ದಿನ ಕಳೆಯುವವರಿಗೆ ಅದೇ ದೊಡ್ಡದು. ಒಬ್ಬೊಬ್ಬರಿಗೇ ಕಲಿಸಿದ್ದು ಎಂಬುದನ್ನೂ ಗಮನಿಸಬೇಕು. ನೂರು ಜನರ ಶಿಬಿರದಲ್ಲಿ ಇದು ಆಗುವ ಕೆಲಸವಲ್ಲ. ಬಿಗಿಹಿಡಿಯಿರಿ ಎಂದರೆ ಎಷ್ಟೋ ಜನ ತಿಳಿಯದೆ ಕೆಳಕ್ಕೆ ಮುಕ್ಕುತ್ತಾರೆ. ಅದು ಮದ್ದಿನ ಬದಲು ರೋಗವನ್ನೇ ಕುಡಿಸಿದಂತೆ.

ಮಾಡುವ ಕ್ರಮ ಹೀಗಿದೆ. ಮೊದಲು ಮಲಗಿ, ಮಂಡಿ ಮಡಚಿ ಮಾಡಬೇಕು. ಮಲಗಿದಾಗ ಅಂಗಗಳ ಭಾರ ಕೆಳಗೆ ಬೀಳುವುದಿಲ್ಲ. ನಾಲ್ಕು ಜನರ ನಡುವೆ ಇರುವಾಗ ವಾಯು ಹೊರಡದಂತೆ ತಡೆಯುತ್ತೇವಲ್ಲ, ಆ ಮಾಂಸಖಂಡವನ್ನು ಹಿಂದಿನಿಂದ ಮುಂದಕ್ಕೆ ಬಿಗಿದು ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಬೇಕು. ಪೃಷ್ಠ, ತೊಡೆ ಬಿಗಿಯಬಾರದು, ಹೊಟ್ಟೆ ಉಬ್ಬಬಾರದು. ಉಸಿರು ಕಟ್ಟಬಾರದು, ಮಾತಾಡುತ್ತಾ ಮಾಡಲು ಬಂದರೆ ಸರಿಯಾಗಿದೆ ಎಂದು ಲೆಕ್ಕ. ಮೊದಮೊದಲು ಮೂರು ನಾಲ್ಕು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಈ ಸಡಿಲ ಬಿಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಲ ಬಂದಂತೆ ಹತ್ತು ಸೆಕೆಂಡಿನವರೆಗೆ ಹೋಗಬಹುದು; ಮಲಗಿ ಮಾಡುವುದನ್ನು ಕೂತು, ಆಮೇಲೆ ನಿಂತು ಮಾಡಬಹುದು. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡುವುದು ಬೇಡ. ವಾರದಲ್ಲಿ ಫಲ ಕಾಣಲಿಲ್ಲವೆಂದು ಬಿಟ್ಟರೆ ಆಗದು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ಜನ ನಾವು. ಇದು ಬೇಡುವುದು ಮೂರರಿಂದ ಆರು ತಿಂಗಳು.

ಇನ್ನೊಂದು ಸಣ್ಣ ಉಪಾಯ ಇದಕ್ಕಿಂತಲೂ ಬೇಗ ಕೆಲಸಕ್ಕೆ ಬರುತ್ತದೆ. ಕೆಮ್ಮು ಬರುತ್ತಿದೆ, ಸೀನು ಬರುತ್ತಿದೆ, ಕೊಡ ಎತ್ತಬೇಕಾಗಿದೆ ಎನ್ನುವಾಗ ಅದಕ್ಕೆ ಒಂದು ಕ್ಷಣ ಮೊದಲು ತಳವನ್ನು ಬಿಗಿಹಿಡಿಯುವುದು, ಎತ್ತುವಾಗ ಉಸಿರು ಹೊರಬಿಡುವುದು. ನಾವೆಲ್ಲ ಚಿಕ್ಕಂದಿನಿಂದ ಕಲಿತದ್ದು ಉಸಿರು ಕಟ್ಟಿ ಎತ್ತುವುದನ್ನು. ಉಸಿರು ಕಟ್ಟಿದಾಗಲೇ ಒತ್ತಡವೆಲ್ಲ ಕೆಳಗೆ ನುಗ್ಗುವುದು.

ನಡಿಗೆ ಒಳ್ಳೆಯದು, ನಿಲ್ಲಿಸಲೇಬಾರದು. ಒಂದೇ ಸಲ ಮೂರು ಮೈಲಿ ನಡೆಯುವುದಕ್ಕಿಂತ ಸಮತಟ್ಟಾದ ದಾರಿಯಲ್ಲಿ ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಸಾಮಾನ್ಯವಾಗಿ ಬೆಳಗ್ಗೆ ತೊಂದರೆ ಕಡಿಮೆ, ಸಂಜೆ ಹೆಚ್ಚು. ಹಾಗಾಗಿ ವ್ಯಾಯಾಮವನ್ನೂ ಕಷ್ಟದ ಕೆಲಸವನ್ನೂ ಬೆಳಗ್ಗೆ ಇಟ್ಟುಕೊಂಡು, ಮಧ್ಯಾಹ್ನ ಕಾಲಕೆಳಗೆ ದಿಂಬು ಕೊಟ್ಟು ಕಾಲು ಗಂಟೆ ಮಲಗಿದರೆ ಭಾರ ಇಳಿಯುತ್ತದೆ. ಮಲಗಿ ಸೊಂಟ ಎತ್ತುವ ಸೇತುಬಂಧ, ಕೈಮಂಡಿ ಊರಿ ಬೆನ್ನು ಬಾಗಿಸುವ ಮಾರ್ಜಾಲಾಸನ, ಕುರ್ಚಿಯಿಂದ ಎದ್ದು ಕೂರುವುದು ಇವೆಲ್ಲ ಉಸಿರು ಕಟ್ಟದೆ ಮಾಡಿದರೆ ಬಹುಮಂದಿಗೆ ಹೊಂದುತ್ತವೆ. ಅತ್ತಿಗೆಯವರಿಗೆ ಶಿಬಿರದಲ್ಲಿ ಮಾಡಿಸಿದ್ದ ಕಾಲೆತ್ತು, ನೌಕಾಸನ, ಕಪಾಲಭಾತಿ, ಜೊತೆಗೆ ಮಲಗಿದಲ್ಲಿಂದ ಕೈಬಿಟ್ಟು ಏಳುವುದು, ಹಗ್ಗದಾಟ, ಕುಪ್ಪಳಿಸುವುದು, ಭಾರ ಹಿಡಿದು ಕುಕ್ಕರಗಾಲಲ್ಲಿ ಏಳುವುದು ಇವನ್ನು ತಳಕ್ಕೆ ಬಲ ಬರುವ ತನಕ ಬಿಡಬೇಕು. ಜೀವಮಾನಕ್ಕೆಲ್ಲ ನಿಷೇಧ ಎಂದು ನಾವು ಹೇಳುತ್ತಿಲ್ಲ. ಬಲ ಬಂದ ಮೇಲೆ ತಿಳಿದವರ ಕಣ್ಣೆದುರಿನಲ್ಲಿ ಒಂದೊಂದಾಗಿ ಶುರುಮಾಡಿದವರೂ ಇದ್ದಾರೆ. ಅಳತೆಗೋಲು ಮೈಯೇ: ಮಾಡುವಾಗ ಅಥವಾ ಮಾಡಿದ ದಿನ ಸಂಜೆ ಭಾರ, ಎಳೆತ, ಉಬ್ಬು ಹೆಚ್ಚಾದರೆ ಅದು ಸದ್ಯಕ್ಕೆ ಬೇಡ.

ಮಲಬದ್ಧತೆಗೆ ಸೊಪ್ಪು, ನೀರು, ಬೇಳೆಕಾಳು, ಮುಕ್ಕಬಾರದು. ಕೆಮ್ಮಿಗೆ ಮದ್ದು ಮಾಡಿಸಬೇಕು. ಇವು ಗೊತ್ತಿರುವ ವಿಷಯಗಳಾದ್ದರಿಂದ ಬೆಳೆಸುವುದಿಲ್ಲ.

ವ್ಯಾಯಾಮದಿಂದ ಎಲ್ಲವೂ ಆಗುತ್ತದೆಂದು ನಂಬಿಸುವುದೂ ಮೋಸವೇ. ಗರ್ಭಚೀಲ ಪೂರ್ತಿ ಹೊರಗೆ ಬಂದಿದ್ದರೆ ಬಿಗಿಹಿಡಿದ ಮಾತ್ರಕ್ಕೆ ಒಳಗೆ ಹೋಗದು. ರಕ್ತ ಕಂಡರೆ, ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಸರಿ, ಹೊರಬಂದ ಭಾಗದಲ್ಲಿ ಹುಣ್ಣಾದರೆ, ಮೂತ್ರ ಕಟ್ಟಿದರೆ, ಜ್ವರ, ವಾಸನೆ ಇದ್ದರೆ ವ್ಯಾಯಾಮ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಪೆಸರಿ ಎಂಬ ಬಳೆಯಾಕಾರದ ಸಾಧನವಿದೆ. ವೈದ್ಯರು ಅಳತೆ ನೋಡಿ ಒಳಗೆ ಕೂರಿಸುತ್ತಾರೆ, ಅಂಗ ಕೆಳಗಿಳಿಯದಂತೆ ಅದು ತಡೆಯುತ್ತದೆ. ಕಾಲಕಾಲಕ್ಕೆ ತೆಗೆದು ತೊಳೆಯಬೇಕು, ತೋರಿಸಬೇಕು. ಅದನ್ನು ಹಾಕಿಕೊಂಡು ವ್ಯಾಯಾಮ ಮಾಡಬಹುದು, ಮಾಡಲು ಸುಲಭವೂ ಹೌದು. ಶಸ್ತ್ರಚಿಕಿತ್ಸೆ ಬೇಕಾದವರಿಗೆ ಬೇಕು. ಅದರಲ್ಲೂ ಗರ್ಭಚೀಲವನ್ನು ತೆಗೆಯದೆ ಮೇಲಕ್ಕೆ ಕಟ್ಟುವ ಕ್ರಮಗಳಿವೆ. ಕೇಳುವ ಹಕ್ಕು ಆಕೆಗಿದೆ.

ಕೇಳುವ ಅವಕಾಶವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಕೊಗನೊಳ್ಳಿಯ ಸುತ್ತಲಿನ ಕಬ್ಬಿನ ಗದ್ದೆಗಳೇ ಸಾಕ್ಷಿ. ಕಬ್ಬು ನುರಿಸುವ ಹಂಗಾಮಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಗಂಡ ಹೆಂಡತಿ ಜೋಡಿಯಾಗಿ ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಗಡಿಯ ಕಾರ್ಖಾನೆಗಳಿಗೂ ಕಬ್ಬು ಕಡಿಯಲು ಬರುತ್ತಾರೆ. ಕಡಿದ ಕಬ್ಬಿನ ಹೊರೆಯನ್ನು ತಲೆಯ ಮೇಲಿಟ್ಟು ಹಲಗೆ ಹತ್ತಿ ಲಾರಿಗೆ ಏರಿಸುವ ಹೆಂಗಸರನ್ನು ಆ ದಾರಿಯಲ್ಲಿ ಹೋದವರೆಲ್ಲ ನೋಡಿದ್ದಾರೆ. ಆ ಒಂದು ಜಿಲ್ಲೆಯ 99 ಖಾಸಗಿ ಆಸ್ಪತ್ರೆಗಳಲ್ಲಿ ಮೂರು ವರ್ಷಗಳಲ್ಲಿ 4,605 ಗರ್ಭಚೀಲಗಳನ್ನು ತೆಗೆಯಲಾಗಿದೆಯೆಂದು 2019ರಲ್ಲಿ ಮಹಾರಾಷ್ಟ್ರದ ಶಾಸನಸಭೆಯಲ್ಲೇ ಸರಕಾರ ಹೇಳಿತು. ಅವೆಲ್ಲ ಜಾರಿದ ಗರ್ಭಚೀಲಗಳಲ್ಲ. ಬಿಳಿಸೆರಗು, ಹೊಟ್ಟೆನೋವು, ಮುಟ್ಟಿನ ದಿನ ಕೂಲಿ ತಪ್ಪುವ ಭಯ, ಎಲ್ಲಕ್ಕೂ ಅದೇ ಮದ್ದಾಗಿತ್ತು. ಹೊರೆಯನ್ನು ಹಗುರ ಮಾಡುವುದಕ್ಕಿಂತ ಅಂಗವನ್ನೇ ತೆಗೆಯುವುದು ಅಗ್ಗವಾಯಿತು.

ಬೀಡದ ಕಡೆಗೆ ಬೆರಳು ತೋರಿಸಿ ನಾವು ಸುಮ್ಮನಿರಬಹುದೆ? ನಮ್ಮ ಬೆಟ್ಟದಿಂದ ಸೊಪ್ಪಿನ ಹೊರೆ ಇಳಿಸುವವರು ಯಾರು? ಗೊಬ್ಬರದ ಹೆಡಿಗೆ ತೋಟಕ್ಕೆ ಒಯ್ಯುವವರು, ಸುಲಿಗೆಗೆ ಕೂತು ರಾತ್ರಿ ಹತ್ತಕ್ಕೆ ಏಳುವವರು, ಸಂಜೆ ತಾವು ಕುಯ್ದ ಕಾಫಿ ಹಣ್ಣಿನ ಚೀಲವನ್ನು ಇಳಿಜಾರಿನಲ್ಲಿ ತೂಕದ ಜಾಗಕ್ಕೆ ಹೊತ್ತು ತರುವವರು? ಕಾಫಿಯ ದರವೇ 50 ಕೆ.ಜಿ. ಚೀಲದ ಮೇಲೆ ನಿಂತಿರುವಾಗ ಚೀಲವೆಂದರೆ ಅಷ್ಟೇ ದೊಡ್ಡದಿರಬೇಕೆಂದು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು ಹೇಳಿತ್ತು. ಹೆರಿಗೆಯಾಗಿ ಆರು ವಾರ ಹೆಂಗಸನ್ನು ಕೆಲಸಕ್ಕೆ ಹಚ್ಚಬಾರದೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆ ಪ್ಲಾಂಟೇಷನ್‌ಗಳಿಗೂ ಸೇರಿಸಿ ಬರೆದಿಟ್ಟಿತು. ಕಣದಲ್ಲಿ ಕಾಯ್ದೆ ಓದುವವರು ಯಾರು! ಮನೆಯೊಳಗಿನ ಕೊಡ, ಬಾನಿ, ಮೇವಿನ ಹೊರೆಗೆ ಯಾವ ಕಾಯ್ದೆಯೂ ಇಲ್ಲ. 15 ಲೀಟರ್ ಕೊಡದಲ್ಲಿ ನೀರೇ 15 ಕೆ.ಜಿ.; ತಾಮ್ರದ್ದಾದರೆ ಕೊಡದ ತೂಕ ಬೇರೆ.

ನಾವು ಸೂಚಿಸುವುದು ದೊಡ್ಡ ಖರ್ಚಿನದಲ್ಲ. ಕುಯ್ಲಿನ ತೂಕವನ್ನು ಸಾಲಿನ ಹತ್ತಿರಕ್ಕೇ ಒಯ್ಯೋಣ. ತೂಗುವ ತಕ್ಕಡಿ ಈಗ ಅಂಗೈಯಗಲ ಬಂದಿದೆ. ಚೀಲವನ್ನು ಅರ್ಧಕ್ಕೆ ಇಳಿಸೋಣ, ತಳ್ಳುಗಾಡಿ ಹೋಗುವ ಕಡೆ ತಲೆಹೊರೆ ಬೇಡ. ಬಾಣಂತನ ಮುಗಿಸಿ ಬಂದವಳಿಗೆ ಮೊದಲ ತಿಂಗಳುಗಳಲ್ಲಿ ಆರಿಸುವ, ಒಣಗಿಸುವ ಕೆಲಸ ಕೊಡೋಣ. ಸಂಘದ ವತಿಯಿಂದ ವರ್ಷಕ್ಕೆರಡು ಸಲ ಒಬ್ಬ ಮಹಿಳಾ ಫಿಸಿಯೋಥೆರಪಿಯವರನ್ನು ಕರೆಸಿ, ಗೋದಾಮಿನ ಒಂದು ಕೋಣೆ ಖಾಲಿ ಮಾಡಿಕೊಟ್ಟು, ಗಂಡಸರು ಅತ್ತ ಸುಳಿಯದಂತೆ ನೋಡಿಕೊಂಡರೆ ಸಾಕು. ಸದಸ್ಯರ ಮನೆಯವರೂ ಕೆಲಸದವರೂ ಒಟ್ಟಿಗೆ ಬರಲಿ. ಹೊರೆ ಇಳಿಸದೆ ವ್ಯಾಯಾಮ ಹೇಳಿಕೊಟ್ಟರೆ ಸೋರುವ ಕೊಡಕ್ಕೆ ನೀರು ಹೊಯ್ದಂತೆ ಎಂಬುದು ನಮ್ಮ ಅನುಭವ.

ಅತ್ತಿಗೆಯವರ ಕಥೆ ಅರ್ಧಕ್ಕೇ ನಿಂತಿದೆ. ನಮ್ಮ ಮನೆಯವರು ಮತ್ತೆ ಹೋಗಿ, ಬೆಳಗಾವಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬಳೆ ಹಾಕಿದರು, ವ್ಯಾಯಾಮ ಕಲಿಸಿದರು. ಷಡ್ಡಕರಿಗೆ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಹೇಳಿದೆವು, ಅವರು ನೆಲ ನೋಡುತ್ತಾ ಕೇಳಿದರು. ಈಗ ಐದು ತಿಂಗಳಾಯಿತು. ನೀರಿನ ಕೊಡ ಮಗನ ಪಾಲಿಗೆ, ಮೇವು ಸೈಕಲ್ ಮೇಲೆ. ಮೊನ್ನೆ ಫೋನಿನಲ್ಲಿ, "ಹೊಲದ ಬದುವಿನ ಮಟಾ ಹೋಗಿ ಬಂದ್ನಿ ತಂಗಿ" ಎಂದರಂತೆ. ಮಲೆನಾಡಿನಲ್ಲಿ ಹುಟ್ಟಿದವರ ಮಾತು ಇಷ್ಟು ಪೂರಾ ಆ ಕಡೆಯದಾಗಿರುವುದನ್ನು ಕೇಳಿ ನಮ್ಮ ಮನೆಯವರು ನಕ್ಕರು. ಬಹಳ ಹೊತ್ತು ಮಾತಾಡಿದರು.

ಅದೇ ವಾರ ನಮ್ಮ ಕಣದಲ್ಲಿ ಒಂದು ಕೆಲಸ ಮಾಡಿದೆವು. ಬೆಟ್ಟದಿಂದ ಬಂದ ಹಸಿ ಸೊಪ್ಪಿನ ಹೊರೆಯೊಂದನ್ನು ತೂಗುವ ಯಂತ್ರಕ್ಕೆ ಏರಿಸಿದೆವು. 34 ಕೆ.ಜಿ. ಹೊತ್ತು ತಂದಾಕೆ, "ಇವತ್ತು ಸಣ್ಣದು ಕಟ್ಟಿದ್ದೆ ಅಯ್ಯಾ, ಸೊಂಟ ನೋವು" ಎಂದರು. ಮೂವತ್ತು ವರ್ಷದಿಂದ ಬಂದ ಅಡಿಕೆಯನ್ನೆಲ್ಲ ಗ್ರಾಂ ಬಿಡದೆ ತೂಗಿದವರು ನಾವು. ಹೊರೆಯನ್ನು ತೂಗಿದ್ದು ಅದೇ ಮೊದಲು. ಮುಂದಿನ ಕುಯ್ಲಿಗೆ 20 ಕೆ.ಜಿ. ಹಿಡಿಯುವ ಚೀಲಗಳನ್ನು ತರಿಸಿಕೊಡಬೇಕೆಂದು ಸಂಘಕ್ಕೆ ಬರೆದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬಂದ ಕೂಡಲೇ ಇದೇ ಪುಟದಲ್ಲಿ ತಿಳಿಸುತ್ತೇವೆ.